‘ಇಲ್ಲಿ ಉಗುಳಬಾರದು’ ತಂಡದ ಡ್ರಮ್ಮಿನ ಹುಡುಗಿ

ಅವಳ ಹಲ್ಲನ್ನು ವರ್ಷಕ್ಕೊಮ್ಮೆ ಬೆಳ್ಳಗೆ ಮಾಡುತ್ತಿದ್ದವನು ನಾನು. ದಂತವೈದ್ಯನಲ್ಲ, ಫ್ಲೆಕ್ಸ್ ಮುದ್ರಿಸುವವನು. ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಅಪ್ಪ ವ್ಯಕ್ತಿತ್ವ ವಿಕಸನ ಕೇಂದ್ರ ನಡೆಸುತ್ತಿದ್ದರು. ಪ್ರತಿ ಬೇಸಿಗೆಗೂ ಹೊಸ ಬ್ಯಾನರ್ ಬೇಕು. ಪ್ರತಿ ಬ್ಯಾನರಿನಲ್ಲೂ ಅವರ ಒಬ್ಬಳೇ ಮಗಳು ಕೈಕಟ್ಟಿಕೊಂಡು, ತಲೆಯನ್ನು ಕೊಂಚ ಓರೆ ಮಾಡಿ, ಬಾಯಿ ತುಂಬ ನಗುತ್ತ ನಿಂತಿರಬೇಕು. ಹಾಲುಹಲ್ಲು ಬಿದ್ದ ವರ್ಷ ಅವರು ನನ್ನ ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, “ಇಲ್ಲಿ ಎರಡು ಹಲ್ಲು ಕೂರಿಸಿಬಿಡಿ. ಗೆಲ್ಲೋರ ಬಾಯಲ್ಲಿ ಖಾಲಿ ಜಾಗ ಕಾಣಬಾರದು” ಎಂದರು. ಇನ್ಯಾವುದೋ ಮಗುವಿನ ಹಲ್ಲು ತಂದು ಕೂರಿಸಿದೆ. ಚೆನ್ನಾಗಿಯೇ ಒಪ್ಪಿತು.

ಹಾಗಾಗಿ ಶಾಲೆಯಲ್ಲಿ ಅವಳಿಗೆ ಪೋಸ್ಟರ್ ಎಂದೇ ಹೆಸರಾಯಿತು. ಹಾಜರಿ ಕರೆಯುವ ಮೇಷ್ಟರು ಕೂಡ ಒಂದೆರಡು ಸಲ ಬಾಯಿ ತಪ್ಪಿದ್ದುಂಟು.

ಅವಳ ಅಪ್ಪನನ್ನು ಊರು ವಿಕಸನ ಸರ್ ಎನ್ನುತ್ತಿತ್ತು. ಅವರ ಕೇಂದ್ರದಲ್ಲಿ ಮಕ್ಕಳು ಕೈ ಕುಲುಕುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಸೋತಾಗಲೂ ಗೆದ್ದವರ ಹಾಗೆ ನಡೆಯುವುದು ಇತ್ಯಾದಿಗಳನ್ನು ಕಲಿಯುತ್ತಿದ್ದರು. ಕೆಲವು ಮಾತುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ‘ಆಗಲ್ಲ’, ‘ಬೇಜಾರು’, ‘ಗೊತ್ತಿಲ್ಲ’ ಇವನ್ನು ಯಾರಾದರೂ ಬಾಯಿ ಜಾರಿ ಆಡಿದರೆ ಉಳಿದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿ ಅವರನ್ನು ‘ಎಚ್ಚರಿಸ’ಬೇಕು. ಗೊತ್ತಿಲ್ಲದ್ದನ್ನು ಕೇಳಿದರೆ ‘ತಿಳಿದುಕೊಳ್ಳುತ್ತೇನೆ’ ಎನ್ನಬೇಕು. ಅಲ್ಲಿ ಕಲಿತ ಹುಡುಗನೊಬ್ಬ ಗಣಿತದ ಉತ್ತರಪತ್ರಿಕೆಯ ತುಂಬ ಅದನ್ನೇ ಬರೆದು ಬಂದ.

ಮಕ್ಕಳನ್ನು ಸೇರಿಸಲೆಂದು ಯಾರಾದರೂ ಬಂದರೆ ಸಾಕು, ಸರ್ ಒಳಗೆ ಓದುತ್ತಲೋ ತಿನ್ನುತ್ತಲೋ ಇದ್ದ ಮಗಳನ್ನು ಕರೆದು ಅವರ ಮುಂದೆ ನಿಲ್ಲಿಸುತ್ತಿದ್ದರು.

“ಹೇಳು ಮಗಳೇ, ನಿನ್ನ ಗೆಲುವಿನ ಗುಟ್ಟೇನು?”

“ದಿನಾ ಬೆಳಗ್ಗೆ ಎದ್ದು ಕನ್ನಡಿಗೆ ಒಂದು ನಗು ಕೊಡ್ತೀನಿ. ಕನ್ನಡಿ ನಂಗೆ ಎರಡು ವಾಪಸ್ ಕೊಡುತ್ತೆ.”

ಬಂದವರು ಕರಗಿ ನೀರಾಗುತ್ತಿದ್ದರು. ಒಬ್ಬ ಬಡಗಿ ಮಾತ್ರ, “ಎರಡು ಹೇಗಮ್ಮ? ಒಂದು ಕೊಟ್ರೆ ಒಂದೇ ತಾನೇ?” ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ಸರ್ ಅವನಿಗೆ ಟೀ ತರಿಸಿದರು. ಬಾಗಿಲ ಬಳಿ ಮೇಜು ಹಾಕಿಕೊಂಡು ಫೋನು ಎತ್ತುತ್ತಿದ್ದ ಪೋಸ್ಟರಿನ ಅಮ್ಮ ಮುಖ ಪಕ್ಕಕ್ಕೆ ತಿರುಗಿಸಿ ಕೆಮ್ಮಿದರು. ಆಕೆ ಕೆಮ್ಮಿದ್ದಲ್ಲ, ನಕ್ಕಿದ್ದು ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ನನ್ನ ಅಂಗಡಿಗೆ ಅಂಟಿಕೊಂಡೇ ಒಂದು ಹಾಸಿಗೆ ಅಂಗಡಿಯಿತ್ತು. ಅದರ ಮಾಲೀಕನನ್ನು ಎಲ್ಲರೂ ಹಾಸಿಗೆ ಮಾವ ಎನ್ನುತ್ತಿದ್ದರು. ಗಂಟುಮುಖದ ಮನುಷ್ಯ. ಅವನ ಹತ್ತಿ ಹಿಂಜುವ ಯಂತ್ರ ಶುರುವಾದರೆ ನನ್ನ ಗಾಜಿನ ಬಾಗಿಲು ಗದಗುಟ್ಟುತ್ತಿತ್ತು. ಮಹಡಿಯ ಮೇಲೆ ಮಕ್ಕಳು ಕಣ್ಣು ಮುಚ್ಚಿ ತಮ್ಮ ಉಜ್ವಲ ಭವಿಷ್ಯವನ್ನು ಕಾಣುವ ಹೊತ್ತಿಗೇ ಅದು ಶುರುವಾಗುತ್ತಿತ್ತು. ಅದು ಆಕಸ್ಮಿಕವಲ್ಲ. ವಿಕಸನ ಸರ್ ಒಮ್ಮೆ ಅವನಿಗೆ, “ನೀವು ಸ್ವಲ್ಪ ನಗ್ತಾ ವ್ಯಾಪಾರ ಮಾಡಿದ್ರೆ ಹಾಸಿಗೆ ಜಾಸ್ತಿ ಹೋಗುತ್ತೆ” ಎಂದು ಬಿಟ್ಟಿ ಸಲಹೆ ಕೊಟ್ಟಿದ್ದರು. ಅವತ್ತಿನಿಂದ ಮಾವ ಮೇಲಿನ ಮಹಡಿಯ ದಿನಚರಿಯನ್ನು ಬಾಯಿಪಾಠ ಮಾಡಿಕೊಂಡಿದ್ದ.

ಯಂತ್ರ ನಿಲ್ಲಿಸಿ ಎಂದು ಕೇಳಿಕೊಂಡು ಬರಲು ಸರ್ ಕಳಿಸುತ್ತಿದ್ದುದು ಮಗಳನ್ನು. ಆಗ ಅವಳು ಹೈಸ್ಕೂಲಿನ ಕೊನೆಯ ತರಗತಿ. ಮೊದಲ ಸಲ ಹೋದಾಗ ಮಾವ ಹಳೆಯ ಹಾಸಿಗೆಯೊಂದನ್ನು ಹಗ್ಗಕ್ಕೆ ನೇತುಹಾಕಿ ಬೆತ್ತದಿಂದ ಬಡಿಯುತ್ತಿದ್ದ. ಇವಳು ಕೇಂದ್ರದಲ್ಲಿ ಕಲಿಸಿದಂತೆ ಕಣ್ಣಲ್ಲಿ ಕಣ್ಣಿಟ್ಟು, ನಕ್ಕು, ಕೈ ಮುಂದೆ ಚಾಚಿದಳು. ಮಾವ ಆ ಕೈಗೆ ಬೆತ್ತ ಕೊಟ್ಟ.

“ಹಿಡಿ. ಧೂಳು ಹೋಗೋವರೆಗೆ ಬಡಿ. ಅಷ್ಟರಲ್ಲಿ ನಾನು ಯಂತ್ರ ನಿಲ್ಲಿಸಿ ಬರ್ತೀನಿ.”

ಅವಳು ಬಡಿದಳು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಎರಡೂ ಕೈಯಲ್ಲಿ. ಯಂತ್ರ ನಿಂತು ಎಷ್ಟೋ ಹೊತ್ತಾದರೂ ದಬದಬ ನಿಲ್ಲಲಿಲ್ಲ. ನಾನು ಏನಾಯಿತೋ ಎಂದು ಹೋಗಿ ಇಣುಕಿದೆ. ಧೂಳಿನ ನಡುವೆ ಆ ಹುಡುಗಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ಯಾರೋ ಅಂದುಕೊಂಡೆ.

ಅಲ್ಲೇ ಹತ್ತಿಯ ಮೂಟೆಗಳ ಮೇಲೆ ಕಾಲು ಚಾಚಿ ಕೂತಿದ್ದಳು ಮಾವನ ಅಕ್ಕನ ಮಗಳು. ಅವಳ ಗಂಟಲು ಹುಟ್ಟಿದಾಗಿನಿಂದ ಒಡಕು. ಶಾಲೆಯ ಪ್ರಾರ್ಥನೆಯಲ್ಲಿ ಅವಳನ್ನು ಬಾಯಿ ಮಾತ್ರ ಆಡಿಸು, ದನಿ ತೆಗೆಯಬೇಡ ಎಂದು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಗೊಗ್ಗರು ದನಿಯವಳು ಗೊಗ್ಗಿಯಾದಳು. ಅವಳ ಅಮ್ಮ, ಮದುವೆಯ ವಯಸ್ಸಿಗೆ ಬರುವ ಮುಂಚೆ ದನಿಯನ್ನಾದರೂ ಸರಿಮಾಡೋಣ ಎಂದು ವಿಕಸನ ಸರ್ ಹತ್ತಿರ ಸೇರಿಸಿದ್ದಳು. ‘ಜೇನಿನಂತೆ ಮಾತಾಡು’ ಎಂದ ಸರ್‌ಗೆ ಗೊಗ್ಗಿ, “ಜೇನು ಮಾತಾಡಲ್ಲ ಸರ್, ಕಚ್ಚುತ್ತೆ” ಎಂದು ಉತ್ತರ ಕೊಟ್ಟು ಎರಡನೆಯ ವಾರಕ್ಕೇ ಮನೆಗೆ ಬಂದಿದ್ದಳು.

“ನಿಮ್ಮಪ್ಪನ ಮುಖ ನೆನಪಿಸ್ಕೊಂಡು ಬಡೀತಿದೀಯಾ?” ಎಂದು ಗೊಗ್ಗಿ ಕೇಳಿದಳು.

ಪೋಸ್ಟರ್ ಅಭ್ಯಾಸಬಲದಿಂದ ನಕ್ಕು, “ಇಲ್ಲಪ್ಪ” ಎಂದಳು. ಸ್ವಲ್ಪ ತಡೆದು, “ನನ್ನ ಮುಖ” ಎಂದಳು.

ಸ್ನೇಹ ಹೀಗೆ ಶುರುವಾಯಿತು. ಅಲ್ಲಿಂದ ಮುಂದೆ ಯಂತ್ರ ನಿಲ್ಲಿಸಲು ಹೋದವಳು ಬೇಗ ವಾಪಸಾಗುತ್ತಿರಲಿಲ್ಲ. ಮಾವನಿಗೂ ಅನುಕೂಲವೇ. ಬಿಟ್ಟಿಯಾಗಿ ಹಾಸಿಗೆಯ ಧೂಳು ಹೋಗುತ್ತಿತ್ತು.

ಮುಂದೆ ಇವರಿಬ್ಬರೂ ಕಟ್ಟಿದ ಹಾಡಿನ ತಂಡಕ್ಕೆ ಇನ್ನಿಬ್ಬರು ಸೇರಿದರು, ಇಬ್ಬರೂ ಅದೇ ಕೇಂದ್ರದಿಂದ ಉದುರಿದವರೇ. ಒಬ್ಬ ಸಭೆ ಸಮಾರಂಭಗಳಿಗೆ ಮೈಕು, ಕುರ್ಚಿ ಬಾಡಿಗೆಗೆ ಕೊಡುವವರ ಮಗ. ತಂತಿ ಕಂಡರೆ ಬಾಯಿಗಿಡುವ ಚಾಳಿಯಿಂದಾಗಿ ಅವನಿಗೆ ಶಾಕ್ ಎಂದು ಹೆಸರು. ಬಿಸಾಡಿದ ರೇಡಿಯೋ ಬಿಚ್ಚಿ ಅದರಲ್ಲಿ ಗಿಟಾರು ಕಿರುಚುವಂತೆ ಮಾಡಬಲ್ಲ. ಇನ್ನೊಬ್ಬ ಮಕ್ಕಳ ವೈದ್ಯರ ಮಗ, ಊರಿಗೆಲ್ಲ ಚಿಕ್ಕಡಾಕ್ಟ್ರು. ಅವನು ಕೇಳುವ ಮುಂಚೆಯೇ ಅವನಪ್ಪ ಬೇಸ್ ಗಿಟಾರು ತಂದುಕೊಟ್ಟಿದ್ದರು. ಅವನ ದುಃಖ ಬೇರೆಯದೇ.

“ನಮ್ಮನೇಲಿ ಯಾರೂ ನನ್ನ ಮೇಲೆ ಕೋಪಾನೇ ಮಾಡ್ಕೊಳ್ಳಲ್ಲ ಕಣೇ. ಫೇಲಾದ್ರೂ ತಬ್ಕೋತಾರೆ. ನಾನು ಯಾರ ವಿರುದ್ಧ ಬಂಡೇಳಲಿ?”

“ನಮ್ಮಮ್ಮನ್ನ ಎರವಲು ಕೊಡ್ತೀನಿ, ಒಂದು ವಾರ ಇಟ್ಕೊ” ಎಂದ ಶಾಕ್.

ಪಂಕ್ ಎಂಬ ಸಂಗೀತವನ್ನು ಅವರಿಗೆ ತೋರಿಸಿದ್ದು ಚಿಕ್ಕಡಾಕ್ಟ್ರ ಫೋನು. ಯಾವುದೋ ದೇಶದ, ಯಾವುದೋ ನೆಲಮಾಳಿಗೆಯ, ಹೆಸರಿಲ್ಲದ ತಂಡ. ಹರಕು ಬಟ್ಟೆ, ಸೆಟೆದ ಕೂದಲು. ಹಾಡುವವನು ಹಾಡುತ್ತಿರಲಿಲ್ಲ, ಜಗಳ ಕಾಯುತ್ತಿದ್ದ. ಗೊಗ್ಗಿ ಫೋನನ್ನು ಕಸಿದುಕೊಂಡು ಕಿವಿಗಿಟ್ಟಳು.

“ಲೇ, ಇವನಿಗೂ ಹಾಡೋಕೆ ಬರಲ್ಲ!”

ಆ ಕ್ಷಣದ ಸಂತೋಷವನ್ನು ಅವಳು ಆಮೇಲೆ ಎಷ್ಟೋ ಸಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ವರ್ಣಿಸಿದ್ದಾಳೆ. ಅಷ್ಟು ದಿನ ಅವಳಿಗೆ ತನ್ನ ಗಂಟಲು ಒಂದು ಕಾಯಿಲೆಯಾಗಿತ್ತು. ಈಗ ಗೊತ್ತಾಯಿತು, ಅದಕ್ಕೊಂದು ಕೆಲಸವಿದೆ.

ಬಟ್ಟೆ ಹರಿದುಕೊಳ್ಳುವುದರಲ್ಲಿ ಮೊದಲ ತೊಡಕು ಬಂತು. ಚಿಕ್ಕಡಾಕ್ಟ್ರು ದೊಡ್ಡ ಅಂಗಡಿಯಿಂದ ಹರಿದಿದ್ದೇ ಪ್ಯಾಂಟು ಕೊಂಡು ತಂದ. ಅದು ಹೊಸದಾಗಿ ಇಸ್ತ್ರಿಯ ಗೆರೆ ಸಮೇತ ಇತ್ತು. ಶಾಕ್‌ನ ಪ್ಯಾಂಟು ತಾನಾಗಿಯೇ ಹರಿದಿತ್ತು, ಆದರೆ ಅವನಮ್ಮ ಕಂಡ ಕೂಡಲೇ ಹೊಲಿದುಬಿಡುತ್ತಿದ್ದಳು. ದಿನಾ ಬೆಳಗ್ಗೆ ಅವನು ಹರಿಯುವುದು, ಸಂಜೆ ಆಕೆ ಹೊಲಿಯುವುದು. ಕೊನೆಗೆ ಆಕೆ ಅಲ್ಲಿ ದಪ್ಪನೆಯ ಹೂವಿನ ತೇಪೆಯನ್ನೇ ಹಾಕಿದಳು. ಊರಿನ ಮೊಟ್ಟಮೊದಲ ಬಂಡಾಯದ ಗಿಟಾರುಗಾರ ಮಂಡಿಯ ಮೇಲೆ ಸೂರ್ಯಕಾಂತಿ ಅರಳಿಸಿಕೊಂಡೇ ನುಡಿಸಿದ.

ಅಭ್ಯಾಸ ಹಾಸಿಗೆ ಅಂಗಡಿಯ ಗೋದಾಮಿನಲ್ಲಿ. ಸುತ್ತ ಹತ್ತಿಯ ಮೂಟೆಗಳು ಸೂರಿನವರೆಗೆ ಇದ್ದುದರಿಂದ ಶಬ್ದ ಹೊರಗೆ ಹೋಗುತ್ತಿರಲಿಲ್ಲ. ಮಾವನಿಗೆ ಅದೊಂದೇ ಬೇಸರ.

“ಮೇಲಿನವನಿಗೆ ಕೇಳಿಸ್ತಾನೇ ಇಲ್ವಲ್ಲೋ. ಆ ಕಿಟಕಿ ಹತ್ರ ಮೂಟೆ ಸರಿಸ್ಲಾ?”

“ಬೇಡ ಮಾವ!” ಎಂದು ಪೋಸ್ಟರ್ ಹೆದರಿ ಕೂಗಿದಳು. ಅಪ್ಪನ ಲೆಕ್ಕದಲ್ಲಿ ಅವಳು ಆ ಹೊತ್ತಿಗೆ ಗ್ರಂಥಾಲಯದಲ್ಲಿ ಮಹಾಪುರುಷರ ಜೀವನಚರಿತ್ರೆ ಓದುತ್ತಿದ್ದಳು.

ಶಾಕ್ ಅಪ್ಪನ ಉಗ್ರಾಣದಿಂದ ಚರ್ಮ ಹರಿದಿದ್ದ ಹಳೆಯ ಡ್ರಮ್ ಸೆಟ್ಟೊಂದನ್ನು ಸೈಕಲ್ ಮೇಲೆ ಕಂತುಕಂತಾಗಿ ಸಾಗಿಸಿ ತಂದ. ಅದರ ಮುಂದೆ ಕೂತವಳು ಪೋಸ್ಟರ್, ಹಾಸಿಗೆ ಬಡಿದು ಪಳಗಿದ್ದ ಕೈ. ಅವಳಿಗೆ ತಾಳ ಎಂದರೆ ಧೂಳು ಹೋಗುವವರೆಗೆ ಬಿಡದೆ ಹೊಡೆಯುವುದು. ನಾಜೂಕು ಎಂಬುದು ಹತ್ತಿರಕ್ಕೂ ಸುಳಿಯಲಿಲ್ಲ. ಅವಳು ಶುರುಮಾಡಿದರೆ ಉಳಿದ ಮೂವರೂ ಬಸ್ಸಿನ ಹಿಂದೆ ಓಡುವವರ ಹಾಗೆ ಬೆನ್ನಟ್ಟಬೇಕು. ಸಿಕ್ಕರೆ ಸಿಕ್ಕಿತು.

ಹೆಸರಿಗಾಗಿ ವಾರಗಟ್ಟಲೆ ಕಚ್ಚಾಡಿದರು. ಚಿಕ್ಕಡಾಕ್ಟ್ರು ‘ರಕ್ತಪಾತ’ ಎಂದ. ರಕ್ತ ಕಂಡರೆ ಅವನಿಗೇ ತಲೆ ಸುತ್ತುತ್ತಿತ್ತು. ಒಂದು ಸಂಜೆ ನಾಲ್ವರೂ ಬಸ್ ನಿಲ್ದಾಣದ ಗೋಡೆಗೆ ಒರಗಿ ನಿಂತಿದ್ದಾಗ ಪೋಸ್ಟರ್ ಹಿಂದಿರುಗಿ ನೋಡಿದಳು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಇಲ್ಲಿ ಉಗುಳಬಾರದು’ ಎಂದಿತ್ತು. ಸುತ್ತ ಜನ ಮನಸಾರೆ ಉಗಿದಿದ್ದರು.

“ಇದೇ ಇರಲಿ. ಪ್ರಚಾರಕ್ಕೆ ನಾವು ಏನೂ ಮಾಡ್ಬೇಕಾಗಿಲ್ಲ. ಊರ ತುಂಬ ಬರ್ದಾಗಿದೆ” ಎಂದಳು. ಎಷ್ಟೆಂದರೂ ವಿಕಸನ ಸರ್ ಮಗಳು.

ಮೊದಲ ಕಾರ್ಯಕ್ರಮ ಸಾರಿಗೆ ನೌಕರರ ಸಂಘದ ಸಭಾಂಗಣದಲ್ಲಿ ಸಿಕ್ಕಿತು. ಹಾಡಬೇಕಿದ್ದ ಗಾಯಕರಿಗೆ ಜ್ವರ ಬಂದು, ಶಾಕ್‌ನ ಅಪ್ಪ ಬೇರೆ ದಾರಿ ಕಾಣದೆ ಮಗನ ತಂಡವನ್ನು ಕಳಿಸಿದ್ದರು. ಪೋಸ್ಟರ್ ಗುರುತು ಸಿಕ್ಕೀತೆಂದು ಹಾಸಿಗೆ ಮಾವನ ಅಂಗಡಿಯ ದಿಂಬಿನ ಗವಸಿಗೆ ಕಣ್ಣಿನ ತೂತು ಕೊಯ್ದು ತಲೆಗೆ ಹಾಕಿಕೊಂಡಳು. ಗವಸಿನ ಮೇಲೆ ಮೊಲದ ಚಿತ್ರವಿತ್ತು. ಭಯಂಕರವಾಗಿ ಕಾಣಬೇಕೆಂದು ಹೊರಟವಳು ಮಕ್ಕಳ ದಿಂಬಿನ ಹಾಗೆ ಕಾಣುತ್ತಿದ್ದಳು.

ಅವರ ಹತ್ತಿರ ಇದ್ದದ್ದೇ ಮೂರು ಹಾಡು. ಅದರಲ್ಲಿ ‘ಆಮೇಲೆ ಬಾ’ ಎಂಬುದು ಕಚೇರಿಗಳ ಮೇಲೆ.

“ಸಾಹೇಬ್ರಿಲ್ಲ, ಆಮೇಲೆ ಬಾ!
ಸಾಹೇಬ್ರಿದ್ದಾರೆ, ಆಮೇಲೆ ಬಾ!
ಸತ್ತೋಗಿದ್ದೀಯಾ? ಸಾಕ್ಷಿ ಎಲ್ಲಿ?
ನೀನೇ ತಗೊಂಡು ಆಮೇಲೆ ಬಾ!”

ಮೊದಲು ಜನ ಕಿವಿ ಮುಚ್ಚಿಕೊಂಡರು. ಮುಂದಿನ ಸಾಲಿನ ಮುದುಕರೊಬ್ಬರು ಬೆಂಕಿ ಬಿದ್ದಿದೆಯೆಂದು ಎದ್ದು ಹೊರಗೆ ಹೋದರು. ಆದರೆ ಎರಡನೆಯ ಸುತ್ತಿಗೆ ನಿವೃತ್ತ ಚಾಲಕನೊಬ್ಬ ಕುರ್ಚಿಯ ಮೇಲೆ ನಿಂತ. ಅವನ ಪಿಂಚಣಿಯ ಕಾಗದಗಳು ಎಷ್ಟೋ ಕಾಲದಿಂದ ಓಡಾಡುತ್ತಿದ್ದವಂತೆ. “ಆಮೇಲೆ ಬಾ!” ಎಂದು ಅವನು ಕಿರುಚಿದ ರಭಸಕ್ಕೆ ಗೊಗ್ಗಿಯ ದನಿಯೇ ಜೇನಿನಂತೆ ಕೇಳಿಸಿತು. ಆಮೇಲೆ ಇಡೀ ಸಭಾಂಗಣ ಕೂಗಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಎರಡು ದಿನದಲ್ಲಿ ಅದು ಊರಿನ ಎಲ್ಲ ಫೋನುಗಳಲ್ಲಿತ್ತು. ಮೊಲದ ಗವಸಿನ ಡ್ರಮ್ಮರ್ ಯಾರು ಎಂಬುದೇ ಕ್ಷೌರದ ಅಂಗಡಿಗಳಲ್ಲಿ ಮಾತು.

ವಿಕಸನ ಸರ್ ಮೊದಲ ವಾರ ಆ ವಿಡಿಯೋವನ್ನು ತರಗತಿಯಲ್ಲಿ ತೋರಿಸಿ, “ಇದು ಋಣಾತ್ಮಕ ಶಕ್ತಿ. ಇಂಥವರಿಂದ ದೂರ ಇರಿ” ಎಂದರು. ಪಕ್ಕದಲ್ಲೇ ನಿಂತಿದ್ದ ಮಗಳು ಹಲ್ಲು ಕಾಣುವಂತೆ ನಗುತ್ತ ತಲೆಯಾಡಿಸಿದಳು. ಮುಂದಿನ ವಾರ ಮೂವರು ಪೋಷಕರು, “ಇವರೆಲ್ಲ ನಿಮ್ಮ ಹತ್ರಾನೇ ಕಲಿತೋರಂತೆ ಸರ್! ಎಂಥ ಧೈರ್ಯ!” ಎಂದು ಅಭಿನಂದಿಸಿದರು. ಸರ್ ಒಂದು ಗುಟುಕು ನೀರು ಕುಡಿದರು. ಆಮೇಲೆ ನನ್ನ ಅಂಗಡಿಗೆ ಇಳಿದು ಬಂದು ಹೊಸ ಬ್ಯಾನರಿಗೆ ಹೇಳಿದರು: ‘ನಮ್ಮ ಕೇಂದ್ರದ ಹೆಮ್ಮೆಯ ಕುಡಿಗಳು — ಇಲ್ಲಿ ಉಗುಳಬಾರದು.’

“ಸರ್, ಇದನ್ನ ಗೋಡೆಗೆ ಹಾಕಿದ್ರೆ ಜನ ಬೇರೆ ಥರ ತಿಳ್ಕೋತಾರೆ” ಎಂದೆ.

“ಋಣಾತ್ಮಕವಾಗಿ ಯೋಚಿಸ್ಬೇಡಿ” ಎಂದರು. ಹಾಕಿದೆವು. ಮಾರನೆಯ ದಿನ ಹೊತ್ತಾರೆಯೇ ಒಬ್ಬ ಅದರ ಮೇಲೆ ಉಗಿದುಹೋಗಿದ್ದ.

ಕೇಂದ್ರದ ವಾರ್ಷಿಕೋತ್ಸವಕ್ಕೆ ಅವರು ತಂಡವನ್ನು ಕರೆದರು. ಗೋದಾಮಿನಲ್ಲಿ ದೊಡ್ಡ ಜಗಳವಾಯಿತು. ಶಾಕ್ ಹೋಗುವುದು ಬೇಡ ಎಂದ. ಚಿಕ್ಕಡಾಕ್ಟ್ರು, ಹೋಗದಿದ್ದರೆ ಸರ್‌ಗೆ ಬೇಜಾರಾಗುತ್ತೆ ಎಂದು ಹೇಳಿ ಎಲ್ಲರಿಂದ ಉಗಿಸಿಕೊಂಡ. ಗೊಗ್ಗಿಯ ಕಣ್ಣು ಮಾತ್ರ ಮಿನುಗುತ್ತಿತ್ತು.

“ಹೋಗೋಣ. ಅವರದೇ ಮೈಕಲ್ಲಿ ಅವರಿಗೇ ಬೈಯೋಣ. ಇಂಥ ಅವಕಾಶ ಯಾವ ಬಂಡಾಯಗಾರರಿಗೆ ಸಿಗುತ್ತೆ?”

ಎಲ್ಲರೂ ಪೋಸ್ಟರಿನ ಕಡೆ ನೋಡಿದರು. ಅವಳು ಡ್ರಮ್ಮಿನ ಮೇಲಿನ ಹತ್ತಿಯ ಎಳೆಯನ್ನು ಉಗುರಿನಲ್ಲಿ ಕೀಳುತ್ತಿದ್ದಳು.

“ಹಾಡು ನಾನೇ ಬರೀತೀನಿ” ಎಂದಳು.

ಕಾರ್ಯಕ್ರಮದ ದಿನ ಪುರಭವನ ತುಂಬಿತ್ತು. ಬ್ಯಾನರ್ ಕಟ್ಟಲು ಹೋದ ನಾನು ಅಲ್ಲೇ ಉಳಿದೆ. ವೇದಿಕೆಯ ಹಿಂಭಾಗದಲ್ಲಿ ಪೋಸ್ಟರಿನ ಮುಖ, ಬಾಗಿಲಿನಷ್ಟು ಎತ್ತರ. ನಾನೇ ಬೆಳ್ಳಗೆ ಮಾಡಿದ ಹಲ್ಲುಗಳು ಒಂದೊಂದೂ ಇಟ್ಟಿಗೆಯಷ್ಟಿದ್ದವು. ಅದರ ಕೆಳಗೆ ಮೊಲದ ಗವಸು ಹಾಕಿಕೊಂಡು ಅವಳೇ ಕೂತಿದ್ದಳು. ಮಗಳಿಗೆ ತಲೆನೋವು, ಮನೆಯಲ್ಲೇ ಇದ್ದಾಳೆ ಎಂದು ಅಮ್ಮ ಅಪ್ಪನಿಗೆ ಹೇಳಿದ್ದರಂತೆ. ಆಕೆಗೆ ಎಲ್ಲ ಗೊತ್ತಿತ್ತೆಂದು ನನಗೆ ಆಗಲೂ ಹೊಳೆಯಲಿಲ್ಲ.

ಗೊಗ್ಗಿ ಮೈಕು ಹಿಡಿದಳು.

“ಹಲ್ಲು ಬಿಡು, ಹಲ್ಲು ಬಿಡು,
ಹೊಟ್ಟೆ ಉರಿದ್ರೂ ಹಲ್ಲು ಬಿಡು!
ಕೈ ಕುಲುಕು, ಬೆನ್ನು ತಟ್ಟು,
ಕಾಲು ತುಳಿದ್ರೂ ಹಲ್ಲು ಬಿಡು!
ಅಳು ಬಂತಾ? ಅಲ್ಲೇ ನುಂಗು,
ಅಪ್ಪ ನೋಡ್ತಾರೆ, ಹಲ್ಲು ಬಿಡು!”

ಬೈಗುಳ ಇಷ್ಟು ನೇರವಾಗಿದ್ದರೆ ಮನುಷ್ಯನಾದವನು ಎದ್ದುಹೋಗುತ್ತಾನೆ ಎಂದುಕೊಂಡಿದ್ದರು ಮಕ್ಕಳು. ವಿಕಸನ ಸರ್ ಎದ್ದರು, ನಿಜ. ಆದರೆ ಹೋದದ್ದು ವೇದಿಕೆಗೆ. ತೋಳು ಮೇಲೆತ್ತಿ ಕುಣಿದರು. ಇನ್ನೊಂದು ಮೈಕು ತೆಗೆದುಕೊಂಡು, “ನೋಡಿ! ಏನೇ ಬರಲಿ, ಹಲ್ಲು ಬಿಡು! ಇದೇ ನಮ್ಮ ಕೇಂದ್ರದ ಸಂದೇಶ! ಎಲ್ಲರೂ ಹೇಳಿ!” ಎಂದರು. ಸಭಾಂಗಣದ ಮಕ್ಕಳೆಲ್ಲ ಹಲ್ಲು ಕಿರಿದು “ಹಲ್ಲು ಬಿಡು, ಹಲ್ಲು ಬಿಡು” ಎಂದರು. ತಾಯ್ತಂದೆಯರು ತಾಳ ಹಾಕಿದರು. ಮುಂದಿನ ಸಾಲಿನಲ್ಲಿದ್ದ ಮಕ್ಕಳ ವೈದ್ಯರು ಮಗನನ್ನು ನೋಡಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಮಗ ಅವಮಾನದಿಂದ ಬೆನ್ನು ತಿರುಗಿಸಿ ನಿಂತ.

ಬೈಯಲು ಬಂದವರು ಕೇಂದ್ರಕ್ಕೊಂದು ನಾಡಗೀತೆ ಮಾಡಿಕೊಟ್ಟಂತಾಯಿತು. ಗೊಗ್ಗಿ ಮೈಕು ಕೆಳಗಿಳಿಸಿದಳು. ಶಾಕ್ ಗಿಟಾರಿನಿಂದ ಕೈ ತೆಗೆದ. ಹಾಡು ತಾನಾಗಿಯೇ ಸೊರಗಿ ನಿಂತಿತು.

ಸರ್ ಅಷ್ಟಕ್ಕೇ ಬಿಟ್ಟಿದ್ದರೆ ಆ ದಿನ ಅವರದೇ. ಆದರೆ ಚಪ್ಪಾಳೆ ನಿಲ್ಲುವುದನ್ನು ಸಹಿಸುವ ಮನುಷ್ಯ ಅವರಲ್ಲ.

“ಈಗ ಈ ಗವಸಿನ ಹಿಂದೆ ಇರೋ ಗೆಲುವಿನ ಮುಖ ನೋಡೋಣ್ವಾ?” ಎಂದು ಡ್ರಮ್ಮಿನ ಹತ್ತಿರ ನಡೆದರು. ಜನ ಹೋ ಎಂದರು.

ಅವರು ಕೈ ಚಾಚುವ ಮುಂಚೆ ಅವಳೇ ಗವಸನ್ನು ತೆಗೆದಳು. ಬೆವರಿಗೆ ಕೂದಲು ಹಣೆಗೆ ಮೆತ್ತಿಕೊಂಡಿತ್ತು. ಮೇಲೆ ಆ ದೊಡ್ಡ ಮುಖ ನಗುತ್ತಿತ್ತು, ಕೆಳಗೆ ಈ ಸಣ್ಣ ಮುಖ ನಗುತ್ತಿರಲಿಲ್ಲ. ಕೊನೆಯ ಸಾಲಿನವರಿಗೂ ವ್ಯತ್ಯಾಸ ಕಾಣಿಸುತ್ತಿತ್ತು.

ಸರ್ ಒಂದು ಉಸಿರಿನಷ್ಟು ಹೊತ್ತು ತಡವರಿಸಿದರು, ಅಷ್ಟೇ. ಆಮೇಲೆ, “ನನ್ನ ಮಗಳು! ನಿಮಗೆಲ್ಲ ಅಚ್ಚರಿ ಕೊಡಬೇಕು ಅಂತ ಮೊದಲೇ ಯೋಜನೆ ಮಾಡಿದ್ವಿ!” ಎಂದು ಅವಳ ಬಾಯಿಗೆ ಮೈಕು ಹಿಡಿದರು. “ಹೇಳು ಮಗಳೇ, ನಿನ್ನ ಗೆಲುವಿನ ಗುಟ್ಟೇನು?”

ನನಗೇ ಆ ಉತ್ತರ ಬಾಯಿಗೆ ಬರುತ್ತಿತ್ತು. ಸಭಾಂಗಣದಲ್ಲಿ ಅರ್ಧದಷ್ಟು ಜನಕ್ಕಾದರೂ ಬರುತ್ತಿತ್ತು.

“ಗೊತ್ತಿಲ್ಲ” ಎಂದಳು ಪೋಸ್ಟರ್.

ಅಭ್ಯಾಸವಾಗಿದ್ದ ಕೆಲವು ಮಕ್ಕಳು ಚಪ್ಪಾಳೆ ತಟ್ಟಿ ಎಚ್ಚರಿಸಲು ಶುರುಮಾಡಿ, ಯಾರನ್ನು ಎಚ್ಚರಿಸುತ್ತಿದ್ದೇವೆಂದು ಕಂಡು ಕೈ ತಡೆದರು.

“ಹಾಸ್ಯ ಮಾಡ್ತಾಳೆ. ಸರಿಯಾಗಿ ಹೇಳಮ್ಮ.”

“ನಿಜವಾಗ್ಲೂ ಗೊತ್ತಿಲ್ಲ ಅಪ್ಪ. ನಾನು ಯಾವುದ್ರಲ್ಲೂ ಗೆದ್ದಿಲ್ಲ. ಗಣಿತದಲ್ಲಿ ಫೇಲಾಗಿದೀನಿ. ನಿಮಗೆ ಹೇಳಿರ್ಲಿಲ್ಲ. ನಗ್ತಾ ಇದ್ರೆ ಯಾರೂ ಕೇಳಲ್ಲ.”

ಹೇಳಿದ್ದು ಮೆಲ್ಲಗೆ, ಆದರೆ ಮೈಕು ಚೆನ್ನಾಗಿತ್ತು, ಶಾಕ್‌ನ ಅಪ್ಪನದು. ಒಂದು ಅಕ್ಷರವೂ ತಪ್ಪಲಿಲ್ಲ. ಹೇಳಿ ಮುಗಿಸಿದವಳು ಕೋಲು ಎತ್ತಿಕೊಂಡಳು. ಗೊಗ್ಗಿಯ ಕಡೆ ನೋಡಿದಳು. ಅದೇ ಹಾಡನ್ನು ಮೊದಲಿನಿಂದ ಹಿಡಿದಳು.

ಈ ಸಲ ಯಾರೂ ತಾಳ ಹಾಕಲಿಲ್ಲ. ಪದಗಳು ಈಗ ಎಲ್ಲರಿಗೂ ಕೇಳಿಸುತ್ತಿದ್ದವು. ಸರ್ ವೇದಿಕೆಯ ನಟ್ಟನಡುವೆ ನಿಂತಿದ್ದರು. ಇಳಿದು ಹೋದರೆ ಸೋತಂತೆ. ನಿಲ್ಲಿಸಿ ಎಂದರೆ ಋಣಾತ್ಮಕ. ಫೋನುಗಳೆಲ್ಲ ಅವರ ಮುಖಕ್ಕೆ ನೆಟ್ಟಿದ್ದವು. ಹಾಗಾಗಿ ಅವರು ಹಾಡು ಮುಗಿಯುವವರೆಗೆ ಹಲ್ಲು ಬಿಟ್ಟುಕೊಂಡು ನಿಂತರು. ಮನುಷ್ಯನ ಮುಖದ ಮಾಂಸ ಅಷ್ಟು ಹೊತ್ತು ಹಾಗೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಕೊನೆಗೆ ಎಡಗೆನ್ನೆ ಅದುರುತ್ತಿತ್ತು. ನನಗೆ ನಗು ಬಂತು, ನಿಜ ಹೇಳುತ್ತೇನೆ. ಆಮೇಲೆ ನಗು ಬರಲಿಲ್ಲ.

ಮುಂದಿನದನ್ನು ಹೇಳಿದ್ದು ಅವಳ ಅಮ್ಮ, ನನ್ನ ಅಂಗಡಿಗೆ ಬ್ಯಾನರ್ ಕೆಲಸಕ್ಕೆ ಬಂದಾಗ. ಮನೆಗೆ ಹೋದ ಮೇಲೆ ಸರ್ ಕೂಗಾಡಲಿಲ್ಲ. ಅವರಿಗೆ ಕೂಗಾಡಲು ಬರುತ್ತಿರಲಿಲ್ಲ; ಬಿಟ್ಟುಹೋಗಿತ್ತು. ಸೋಫಾದಲ್ಲಿ ಕೂತು, “ಇವತ್ತಿನ ಅನುಭವದಿಂದ ನಾವು ಕಲಿಯಬೇಕಾದ್ದು…” ಎಂದು ಶುರುಮಾಡಿ, ವಾಕ್ಯ ಮುಗಿಸಲು ಗೊತ್ತಾಗದೆ ಮಗಳನ್ನು ನೋಡಿದರಂತೆ. ಅಮ್ಮ ಟವೆಲು ತಂದು ಮಗಳ ಮಡಿಲಿಗೆ ಎಸೆದು, “ಹೋಗಿ ಮುಖ ತೊಳ್ಕೊ, ಮೂಗಿನ ಮೇಲೆಲ್ಲ ಹತ್ತಿ” ಎಂದರು. ಆಮೇಲೆ ಗಂಡನಿಗೆ, “ನೀವೂ ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ದವಡೆ ನೋಯ್ತಿರುತ್ತೆ” ಎಂದರು. ಕೂತರಂತೆ. ಮದುವೆಯಾದಾಗಿನಿಂದ ತಾನು ಕೇಳಿದ ಮೊದಲ ಮೌನ ಅದು ಎಂದು ಹೇಳುವಾಗ ಆಕೆ ಮುಖ ತಿರುಗಿಸಿ ಕೆಮ್ಮಲಿಲ್ಲ, ನೇರವಾಗಿಯೇ ನಕ್ಕರು.

ಇಷ್ಟೆಲ್ಲ ಆದ ಮೇಲೆ ಕೇಂದ್ರ ಮುಚ್ಚಿಹೋಯಿತು ಎಂದು ನೀವು ಅಂದುಕೊಂಡರೆ ಈ ಲೋಕದ ಪರಿಚಯ ನಿಮಗೆ ಕಡಿಮೆ. ಆಕೆ ನನ್ನ ಅಂಗಡಿಗೆ ಬಂದದ್ದೇ ಹೊಸ ತರಗತಿಯ ಬ್ಯಾನರಿಗೆ: ‘ಬಂಡಾಯದ ಮೂಲಕ ನಾಯಕತ್ವ’. ಮಕ್ಕಳು ಮೊದಲಿಗಿಂತ ಹೆಚ್ಚು ಸೇರಿದರು. ಗುರುವಾರದ ಪಾಠದಲ್ಲಿ ಅವರಿಗೆ ‘ಗೊತ್ತಿಲ್ಲ’ ಎಂಬುದನ್ನು ಆತ್ಮವಿಶ್ವಾಸದಿಂದ ಹೇಳುವುದು ಹೇಗೆಂದು ಕಲಿಸಲಾಗುತ್ತಿತ್ತು. ಒಂದೇ ವ್ಯತ್ಯಾಸ, ಬ್ಯಾನರಿನಲ್ಲಿ ಮಗಳ ಚಿತ್ರವಿರಲಿಲ್ಲ. ಯಾವುದೋ ವಿದೇಶಿ ಹುಡುಗ ಕೈಕಟ್ಟಿಕೊಂಡು ನಿಂತಿದ್ದ. ಅವನ ಹಲ್ಲು ಬೆಳ್ಳಗೇ ಇತ್ತು, ನನಗೆ ಕೆಲಸವಿರಲಿಲ್ಲ.

ತಂಡ ಆಮೇಲೆ ಎರಡು ಮಳೆಗಾಲ ಬಾಳಿತು. ಕಾಲೇಜೊಂದರಲ್ಲಿ ಅವರ ಮೇಲೆ ಒಂದು ಚಪ್ಪಲಿ ಬಂದು ಬಿತ್ತು. ಶಾಕ್ ನುಡಿಸುವುದನ್ನು ನಿಲ್ಲಿಸಿ ಅದನ್ನು ಕಾಲಿಗೆ ಹಾಕಿ ನೋಡಿ, “ಸರಿಹೋಗುತ್ತೆ, ಇನ್ನೊಂದೂ ಎಸೀರಿ” ಎಂದ. ಎಸೆದವನು ಕುಂಟುತ್ತ ಬಂದು ವಾಪಸ್ ಕೇಳಿದ. ಅದು ಅವರ ವೃತ್ತಿಜೀವನದ ಶಿಖರ ಎನ್ನಬೇಕು. ಚಿಕ್ಕಡಾಕ್ಟ್ರು ಓದಲು ಹೋದ. ರಕ್ತ ಕಂಡರೆ ಆಗದವನಿಗೆ ಚರ್ಮರೋಗದ ವಿಭಾಗ ಸಿಕ್ಕಿತು. ಗೊಗ್ಗಿಯ ಅಮ್ಮನಿಗೆ ದನಿಯ ಚಿಂತೆ ತಪ್ಪಿತು, ಏಕೆಂದರೆ ಮಗಳು ಮದುವೆಯೇ ಬೇಡವೆಂದು ಮಾವನ ಅಂಗಡಿಯಲ್ಲಿ ದಬ್ಬಣ ಹಿಡಿದು ಕೂತಳು. ಗಿರಾಕಿ ಹಾಸಿಗೆ ಗಟ್ಟಿಯಾಯಿತು ಎಂದು ಗೊಣಗಿದರೆ ಅವಳು ಒಂದೇ ಮಾತು ಆಡುತ್ತಾಳೆ, ಅವನು ತೆಪ್ಪಗೆ ಹೊತ್ತುಕೊಂಡು ಹೋಗುತ್ತಾನೆ.

ಪೋಸ್ಟರ್ ಗಣಿತವನ್ನು ಎರಡನೆಯ ಸಲ ಕಟ್ಟಿ ಪಾಸಾದಳು. ಆಮೇಲೆ ಕಿವಿ ಪರೀಕ್ಷೆಯ ತರಬೇತಿ ಪಡೆದು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳಿಂದಾಗಿ ಅಪ್ಪನೇನೂ ಹಾಳಾಗಲಿಲ್ಲ, ಅಪ್ಪನಿಂದಾಗಿ ಅವಳೂ ಹಾಳಾಗಲಿಲ್ಲ. ಭಾನುವಾರ ಒಟ್ಟಿಗೆ ಊಟ ಮಾಡುತ್ತಾರಂತೆ. ಸರ್ ಏನಾದರೂ ಕೇಳುತ್ತಾರಂತೆ, ಅವಳು ಉತ್ತರ ಇದ್ದರೆ ಹೇಳುತ್ತಾಳಂತೆ, ಇಲ್ಲದಿದ್ದರೆ ತುತ್ತು ಬಾಯಿಗಿಡುತ್ತಾಳಂತೆ. ಮೊದಮೊದಲು ಅವರಿಗೆ ಅದು ಬಹಳ ಕಷ್ಟವಾಗಿತ್ತು ಎಂದು ಅಮ್ಮ ಹೇಳಿದರು. ಈಗ ಅವರೂ ತುತ್ತು ಇಡುತ್ತಾರೆ.

ಹೋದ ತಿಂಗಳು ನನ್ನ ಕಿವಿ ಮಂದವಾಗಿದೆ ಎಂದು ಹೆಂಡತಿ ಗೋಳಾಡಿ ನನ್ನನ್ನು ಆ ಆಸ್ಪತ್ರೆಗೆ ಅಟ್ಟಿದಳು. ಗೋಡೆಗೆಲ್ಲ ಮೆತ್ತೆ ಹೊಡೆದ ಚಿಕ್ಕ ಕೋಣೆ. ಗಾಜಿನ ಆಚೆ ಪೋಸ್ಟರ್ ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ನಗಲಿಲ್ಲ, ಆದರೆ ಎದ್ದು ಬಂದು ನನ್ನ ಕುರ್ಚಿಯನ್ನು ಸರಿಮಾಡಿದಳು.

“ಡ್ರಮ್ಮು ಈಗಲೂ ಬಾರಿಸ್ತೀಯೇನಮ್ಮ?”

“ಗೊಗ್ಗಿ ಬಿಡ್ಬೇಕಲ್ಲ ಅಂಕಲ್. ವಾರಕ್ಕೊಂದು ಸಲ.”

“ಈಗ ಕೈ ಕೂತಿರ್ಬೇಕು. ಚೆನ್ನಾಗಿ ಬರುತ್ತಾ?”

“ಇಲ್ಲ. ಜೋರಾಗಿ ಬರುತ್ತೆ” ಎಂದು ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದಳು. “ಒಳಗೆ ಸಣ್ಣದಾಗಿ ಕುಂಯ್ ಅಂತ ಕೇಳುತ್ತೆ. ಕೇಳಿದ ತಕ್ಷಣ ಬೆರಳೆತ್ತಿ.”

ಬಾಗಿಲು ಮುಚ್ಚಿತು. ನಾನು ಕಿವಿಗೊಟ್ಟು ಕೂತೆ. ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆ. ಗಾಜಿನ ಆಚೆ ಅವಳು ನನ್ನನ್ನೇ ನೋಡುತ್ತಿದ್ದಳು. ಕಿವುಡನೆಂದುಕೊಂಡಾಳು ಎಂದು ನಾಚಿಕೆಯಾಗಿ, ಯಾವುದಕ್ಕೂ ಇರಲಿ ಎಂದು ಬೆರಳೆತ್ತಿದೆ.

ಹೆಡ್‌ಫೋನಿನಲ್ಲಿ ಅವಳ ದನಿ ಬಂತು.

“ಅಂಕಲ್, ನಾನಿನ್ನೂ ಶುರುಮಾಡಿಲ್ಲ. ಕೈ ಇಳಿಸಿ.”